ಮಗುವಿಗೆ ಹೆಚ್ಚಿನ ನೆರವು ಬೇಕಿದ್ದರೆ: ಇಂಗ್ಲೆಂಡಿನಲ್ಲಿ ಶಾಲೆ ಹುಡುಕುವ ಬಗೆ

ಹೊಸದಾಗಿ ಬಂದವರು ನಮ್ಮ ಸಂಘಕ್ಕೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ಯಾವ ಏರಿಯಾದಲ್ಲಿ ಒಳ್ಳೆ ಸ್ಕೂಲ್ ಇದೆ?" ಮಗುವಿಗೆ ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಮಾತು ತಡ ಇಂಥದ್ದೇನಾದರೂ ಇದ್ದರೆ ಆಫ್‌ಸ್ಟೆಡ್ (ಶಾಲೆಗಳನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ) ರಿಪೋರ್ಟ್ ಒಂದನ್ನೇ ನಂಬಿ ಮನೆ ಹಿಡಿಯಬೇಡಿ. ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಎರಡು ಮೂರು ಶಾಲೆಗಳನ್ನು ನೋಡಿ ಬನ್ನಿ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿಗೆ ಮಾತ್ರ. ವೇಲ್ಸ್, ಸ್ಕಾಟ್‌ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ನಿಯಮ ಬೇರೆ.

ಮೊದಲ ಮಾತು: ಮುಚ್ಚಿಡಬೇಡಿ. ನಾನು ಮುಚ್ಚಿಟ್ಟಿದ್ದೆ. ಊರಲ್ಲಿ ವಿಷಯ ಹೇಳಿದ ಕೂಡಲೇ "ಸೀಟ್ ಇಲ್ಲ" ಅಂತ ಕೇಳಿ ಕೇಳಿ ಸಾಕಾಗಿತ್ತು. ಅದೇ ಭಯದಲ್ಲಿ ಇಲ್ಲಿಯ ಫಾರ್ಮಿನಲ್ಲೂ ಆ ಜಾಗ ಖಾಲಿ ಬಿಟ್ಟೆ. ಅದರಿಂದ ಆಗಿದ್ದಿಷ್ಟು. ಮಗನಿಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಸುಮ್ನೆ ಕೂತಿದ್ದಾನೆ ಅಂತ ಟೀಚರ್ ಅಂದುಕೊಂಡರು. ಅರ್ಧ ಟರ್ಮ್ ಹಾಗೇ ಹೋಯಿತು. ಮಗುವಿಗೆ ವಿಶೇಷ ಅಗತ್ಯ ಇದೆ ಅನ್ನುವ ಕಾರಣಕ್ಕೆ ಇಲ್ಲಿಯ ಸರ್ಕಾರಿ ಶಾಲೆಗಳು ಸೀಟ್ ಕೊಡುವುದಿಲ್ಲ ಅನ್ನುವಂತಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯದೋ ನಿಮ್ಹಾನ್ಸ್‌ನದೋ ರಿಪೋರ್ಟ್ ಇದ್ದರೆ, ಥೆರಪಿಸ್ಟ್ ಬರೆದುಕೊಟ್ಟ ಚೀಟಿ ಇದ್ದರೂ ಸರಿ, ಸೂಟ್‌ಕೇಸಿನಲ್ಲಿ ತನ್ನಿ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಹೊಸದಾಗಿ ಆಟಿಸಂ ತಪಾಸಣೆ ಮಾಡಿಸಬೇಕೆಂದರೆ ಸರದಿ ಬಹಳ ಉದ್ದ.

ಇಂಗ್ಲಿಷ್ ಬರದಿರುವುದೊಂದೇ ವಿಶೇಷ ಅಗತ್ಯ ಅಲ್ಲ. ಸರ್ಕಾರದ 2015ರ ಮಾರ್ಗಸೂಚಿಯಲ್ಲೇ ಹಾಗಿದೆ. ಆದರೆ "ಭಾಷೆ ಕಲಿತ ಮೇಲೆ ಸರಿಹೋಗ್ತಾನೆ" ಅಂತ ವರ್ಷಗಟ್ಟಲೆ ತಳ್ಳುವುದೂ ತಪ್ಪು. ಕನ್ನಡದಲ್ಲೂ ಮಗುವಿಗೆ ಇದೇ ತೊಂದರೆ ಇದೆಯಾ ಅನ್ನುವುದನ್ನು ನೀವೇ ಶಾಲೆಗೆ ಹೇಳಬೇಕು. ಬೇರೆ ಯಾರಿಗೆ ಗೊತ್ತಾಗುತ್ತೆ? ಮನೆಯಲ್ಲಿ ಕನ್ನಡ ಬಿಡಿ ಎಂದು ಯಾರಾದರೂ ಬಿಟ್ಟಿ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಶಾಲೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಎಲ್ಲರೂ ಹೋಗುವ ಸಾಮಾನ್ಯ ಶಾಲೆ. ಅದರೊಳಗೇ ಇಂಥ ಮಕ್ಕಳಿಗೆಂದು ಪ್ರತ್ಯೇಕ ಘಟಕ ಇರುವ ಶಾಲೆ. ಮತ್ತೆ ಸ್ಪೆಷಲ್ ಸ್ಕೂಲ್. ಸ್ಪೆಷಲ್ ಸ್ಕೂಲ್ ಅಂದರೆ ನಮ್ಮವರಲ್ಲಿ ಕೆಲವರು ಮುಖ ಸಣ್ಣದು ಮಾಡುತ್ತಾರೆ. ಒಮ್ಮೆ ಒಳಗೆ ಹೋಗಿ ನೋಡಿ, ಆಮೇಲೆ ಮಾತಾಡೋಣ.

ನೋಡಲು ಹೋಗುವಾಗ ಓಪನ್ ಡೇಗೆ ಮಾತ್ರ ಹೋಗಬೇಡಿ. ಮಾಮೂಲಿ ದಿನ, ಊಟದ ಹೊತ್ತಿಗೆ ಬರಬಹುದಾ ಅಂತ ಕೇಳಿ. ಪ್ರತಿ ಶಾಲೆಯಲ್ಲೂ ಸೆನ್ಕೋ ಅಂತ ಒಬ್ಬ ಟೀಚರ್ ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳ ಹೊಣೆ ಅವರದು. ಹೆಡ್‌ಟೀಚರಿಗಿಂತ ಅವರ ಜೊತೆಯ ಹತ್ತು ನಿಮಿಷ ದೊಡ್ಡದು. ನನ್ನ ಮಗ ಕೈ ಒಣಗಿಸುವ ಯಂತ್ರದ ಸದ್ದಿಗೆ ಹೆದರಿ ಶಾಲೆಯ ಟಾಯ್ಲೆಟ್ ಕಡೆಗೇ ಹೋಗುತ್ತಿರಲಿಲ್ಲ. ಒಂದು ಶಾಲೆಯಲ್ಲಿ ಇದನ್ನು ಹೇಳಿದಾಗ, "ನಮ್ಮಲ್ಲಿ ಎಲ್ಲ ಮಕ್ಕಳಿಗೂ ಸ್ವಾಗತ" ಅಂತ ನಕ್ಕರು, ಅಷ್ಟೇ. ಇನ್ನೊಂದು ಶಾಲೆಯ ಸೆನ್ಕೋ ಏನೂ ಮಾತಾಡದೆ ನಮ್ಮನ್ನು ನೇರ ಟಾಯ್ಲೆಟ್‌ಗೇ ಕರೆದುಕೊಂಡು ಹೋದರು. ಯಂತ್ರದ ಸ್ವಿಚ್ ಆಫ್ ಮಾಡಿ ಟೇಪ್ ಅಂಟಿಸಿದ್ದರು. ಪಕ್ಕದಲ್ಲಿ ಪೇಪರ್ ಟವೆಲಿನ ಕಟ್ಟು. ನಾವು ಯಾವ ಶಾಲೆ ಹಿಡಿದೆವು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಅದರ ಆಫ್‌ಸ್ಟೆಡ್ ದರ್ಜೆ ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಕೆಳಗಿತ್ತು.

ಈಗ ಕಾಗದ ಪತ್ರದ ವಿಷಯ. ಹೆಚ್ಚಿನ ಮಕ್ಕಳಿಗೆ ಶಾಲೆಯೇ ಕೊಡುವ ನೆರವು ಸಾಕಾಗುತ್ತದೆ. ಅದು ಸಾಲದಿದ್ದಾಗ ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತ) ಇಎಚ್‌ಸಿ ಪ್ಲಾನ್ ಮಾಡಿಸಬೇಕು, ಅಂದರೆ ಮಗುವಿನ ಅಗತ್ಯ ಏನು, ಯಾವ ನೆರವು, ಯಾವ ಶಾಲೆ ಅಂತ ಬರೆದಿಡುವ ಕಾನೂನುಬದ್ಧ ಪತ್ರ. 2014ರ ಕಾಯ್ದೆಯಿಂದ ಬಂದದ್ದು ಇದು, 25 ವಯಸ್ಸಿನವರೆಗೂ ನಡೆಯಬಹುದು. ಸ್ಪೆಷಲ್ ಸ್ಕೂಲ್ ಸೀಟಿಗೆ ಸಾಮಾನ್ಯವಾಗಿ ಇದು ಬೇಕೇ ಬೇಕು. ಅರ್ಜಿ ಶಾಲೆಯೇ ಹಾಕಬೇಕೆಂದಿಲ್ಲ, ತಂದೆ ತಾಯಿಯೂ ಹಾಕಬಹುದು. ಡಾಕ್ಟರ ಡಯಾಗ್ನೋಸಿಸ್ ಇರಲೇಬೇಕು ಅಂತಲೂ ಇಲ್ಲ. ತಪಾಸಣೆ ಮಾಡುತ್ತೇವೋ ಇಲ್ಲವೋ ಎಂದು ಕೌನ್ಸಿಲ್ 6 ವಾರದಲ್ಲಿ ಹೇಳಬೇಕು. ಪೂರ್ತಿ ಪ್ಲಾನ್ 20 ವಾರದಲ್ಲಿ ಕೈಗೆ ಬರಬೇಕು. ಕಾಯ್ದೆ ಹೇಳುವುದು ಹಾಗೆ, ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ತಾರೀಖು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡಿದ್ದನ್ನೂ ಇಮೇಲಿನಲ್ಲಿ ಮತ್ತೆ ಬರೆದು ಕಳಿಸಿ.

ಪ್ಲಾನಿನ ಕರಡು ಬಂದಾಗ ಉತ್ತರ ಕೊಡಲು ನಿಮಗೆ ಕನಿಷ್ಠ 15 ದಿನ ಸಿಗುತ್ತದೆ. ಅದರಲ್ಲಿ ಎಫ್ ಭಾಗವನ್ನು ಕಣ್ಣಿಟ್ಟು ಓದಿ. ಯಾವ ನೆರವು ಕೊಡುತ್ತಾರೆ ಅನ್ನುವುದು ಇರುವುದು ಅಲ್ಲೇ. ನಮಗೆ ಬಂದ ಕರಡಿನಲ್ಲಿ "ಮಾತಿನ ಥೆರಪಿಯ ಅವಕಾಶಗಳಿಂದ ಮಗುವಿಗೆ ಅನುಕೂಲವಾಗುತ್ತದೆ" ಅಂತಿತ್ತು. ಓದಲು ಚೆಂದ, ಕೈಗೆ ಸಿಗುವುದು ಸೊನ್ನೆ. ಎರಡು ಸಲ ಪತ್ರ ಬರೆದ ಮೇಲೆ "ವಾರಕ್ಕೊಮ್ಮೆ 30 ನಿಮಿಷ, ಥೆರಪಿಸ್ಟ್ ಖುದ್ದಾಗಿ" ಅಂತ ಬದಲಾಯಿತು. ಎಷ್ಟು ಹೊತ್ತು, ಎಷ್ಟು ಸಲ, ಯಾರು ಅನ್ನುವುದು ಅಲ್ಲಿ ಇರಲೇಬೇಕು.

ಐ ಭಾಗದಲ್ಲಿ ಶಾಲೆಯ ಹೆಸರು ಬರುತ್ತದೆ. ಕರಡಿನಲ್ಲಿ ಅದು ಖಾಲಿ ಇರುತ್ತದೆ, ನಿಮಗೆ ಬೇಕಾದ ಶಾಲೆ ಯಾವುದೆಂದು ನೀವೇ ತಿಳಿಸಬೇಕು. ಕೊನೆಯ ಪ್ಲಾನಿನಲ್ಲಿ ಸರ್ಕಾರಿ ಶಾಲೆಯ ಹೆಸರು ಬಂದರೆ ಆ ಶಾಲೆ ಸೇರಿಸಿಕೊಳ್ಳಲೇಬೇಕು. ಪೂರ್ತಿ ಖಾಸಗಿ ಶಾಲೆಗೆ ಆ ಕಟ್ಟುಪಾಡಿಲ್ಲ. ಕೌನ್ಸಿಲ್ ಒಪ್ಪದಿದ್ದರೆ ಟ್ರಿಬ್ಯೂನಲ್‌ಗೆ (ಮೇಲ್ಮನವಿ ಕೇಳುವ ನ್ಯಾಯಮಂಡಳಿ) ಹೋಗಬಹುದು. ಅದಕ್ಕೆ ಫೀಸಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ. ಪ್ರತಿ ಕೌನ್ಸಿಲ್ ಪ್ರದೇಶದಲ್ಲೂ ಸೆಂಡಿಯಾಸ್ ಅನ್ನುವ ಉಚಿತ ಸಲಹಾ ಸೇವೆ ಇದೆ. ಕಾನೂನಿನ ಗೊಂದಲಕ್ಕೆ ಇಪ್ಸಿಯಾ ಅನ್ನುವ ಚಾರಿಟಿ ಇದೆ.

ಸೆಕೆಂಡರಿಗೆ ಹೋಗುವ ಮಗುವಾದರೆ ಇಯರ್ 5ರಲ್ಲೇ (ಮಗುವಿಗೆ 9-10 ವಯಸ್ಸು) ಶಾಲೆ ನೋಡಲು ಶುರು ಮಾಡಿ. ಪ್ಲಾನ್ ಇರುವ ಮಗುವಿಗೆ, ಸೇರುವ ವರ್ಷದ ಫೆಬ್ರವರಿ 15ರ ಒಳಗೆ ಸೆಕೆಂಡರಿ ಶಾಲೆಯ ಹೆಸರು ಪ್ಲಾನಿನಲ್ಲಿ ಬಂದಿರಬೇಕು.

ವೀಸಾ ವಿಷಯ ಎಲ್ಲರೂ ಕೇಳುತ್ತಾರೆ. ಸರ್ಕಾರಿ ಶಾಲೆಯಾಗಲಿ ಇಎಚ್‌ಸಿ ಪ್ಲಾನ್ ಆಗಲಿ "ಪಬ್ಲಿಕ್ ಫಂಡ್ಸ್" (ಹಲವು ವೀಸಾದವರು ಪಡೆಯಬಾರದ ಸರ್ಕಾರಿ ಭತ್ಯೆಗಳು) ಲೆಕ್ಕಕ್ಕೆ ಬರುವುದಿಲ್ಲ. ಧೈರ್ಯವಾಗಿ ಕೇಳಿ. ಆದರೆ ಮಗುವಿನ ಹೆಸರಲ್ಲಿ ಸಿಗುವ ಡಿಎಲ್‌ಎ ಅನ್ನುವ ಅಂಗವೈಕಲ್ಯ ಭತ್ಯೆ ಆ ಲೆಕ್ಕಕ್ಕೆ ಬರುತ್ತದೆ. ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಇಲ್ಲ ಎಂದಿದ್ದರೆ, ಪಕ್ಕದ ಮನೆಯವರು ಹೇಳಿದರು ಅಂತ ಅದಕ್ಕೆ ಅರ್ಜಿ ಹಾಕಬೇಡಿ.

ಕರಡು ಓದಿ ತಲೆ ಕೆಟ್ಟರೆ ಪ್ರಿಂಟ್ ತೆಗೆದುಕೊಂಡು ನಮ್ಮ ಶನಿವಾರದ ಕನ್ನಡ ಕಲಿಕೆಯ ಕಡೆ ಬನ್ನಿ. ಮಕ್ಕಳು ಒಳಗೆ ಕಾಗುಣಿತ ತಿದ್ದುತ್ತಿರುತ್ತಾರೆ. ಹೊರಗೆ ಫ್ಲಾಸ್ಕ್ ಕಾಫಿ ಹಿಡಿದು ಕೂತಿರುವ ಅಪ್ಪ ಅಮ್ಮಂದಿರಲ್ಲಿ ಈ ದಾರಿಯಲ್ಲಿ ನಡೆದವರು ನಾಲ್ಕೈದು ಮಂದಿಯಾದರೂ ಇದ್ದಾರೆ. ಕೆಂಪು ಪೆನ್ನು ನಮ್ಮ ಹತ್ತಿರವೇ ಇದೆ.