ಕಾಫಿ ಕಣದಲ್ಲಿ ನಿಂತು ನಕ್ಷತ್ರದ ಇಂಗಾಲ ಹಿಡಿದದ್ದು

ನಮ್ಮ ಮೈಯಲ್ಲಿರುವ ಇಂಗಾಲ, ರಕ್ತದಲ್ಲಿರುವ ಕಬ್ಬಿಣ ಎಲ್ಲ ನಕ್ಷತ್ರಗಳಿಂದಲೇ ಬಂದದ್ದು ಅಂತ ಎಲ್ಲರೂ ಓದಿರುತ್ತೇವೆ, ಅಲ್ವಾ? ಇಂಗಾಲ ನಕ್ಷತ್ರದಿಂದ ಹೊರಬೀಳುವುದನ್ನು ನಾವೇ ನೋಡಬಹುದು. ಗಾಮಾ ವೆಲೋರಮ್ ಅದಕ್ಕೆ ಹೇಳಿ ಮಾಡಿಸಿದ ನಕ್ಷತ್ರ. ದೂರದರ್ಶಕವೂ ಬೇಡ. ನಾನು ಬಳಸಿದ್ದು ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, 85 ಎಂಎಂ ಲೆನ್ಸ್, ಟ್ರೈಪಾಡ್, ಮಿಲಿಮೀಟರಿಗೆ 100 ಗೀರುಗಳಿರುವ ಒಂದು ಗ್ರೇಟಿಂಗ್, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಪಾರದರ್ಶಕ ಹಾಳೆ.

ಈ ನಕ್ಷತ್ರದ ವಿಷಯದಲ್ಲಿ ಕೊಡಗಿನವರು ಅದೃಷ್ಟವಂತರು. ದಿಲ್ಲಿಯಲ್ಲಿ ಅದು ದಿಗಂತದಿಂದ ಹೆಚ್ಚು ಮೇಲೇಳುವುದಿಲ್ಲ. ನಮಗೆ ಸುಮಾರು 30 ಡಿಗ್ರಿ ಎತ್ತರಕ್ಕೆ ಬರುತ್ತದೆ. ಫೆಬ್ರವರಿ ಮೂರನೇ ವಾರ ರಾತ್ರಿ ಹತ್ತೂವರೆ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ಅಗಸ್ತ್ಯ ನಕ್ಷತ್ರ ಹುಡುಕಿ. ಅದರ ಎಡಕ್ಕೆ, ಸ್ವಲ್ಪ ಮೇಲೆ, ಚಾಚಿದ ಕೈಯ ಎರಡು ಮುಷ್ಟಿಯಷ್ಟು ದೂರದಲ್ಲಿ ಇದಿದೆ. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಗಳ ಅಡ್ಡಿಯಿಲ್ಲದ ಜಾಗ ಅಂದರೆ ಕಾಫಿ ಒಣಗಿಸುವ ಕಣ. ಟ್ರೈಪಾಡ್ ಇಟ್ಟಿದ್ದು ಅಲ್ಲೇ.

ಗ್ರೇಟಿಂಗನ್ನು ಕಪ್ಪು ರಟ್ಟಿನಲ್ಲಿ ಕೂರಿಸಿ ಲೆನ್ಸ್ ಮುಂದೆ ಕಟ್ಟಿದೆ. ಗೀರುಗಳು ನಕ್ಷತ್ರ ಸರಿಯುವ ದಿಕ್ಕಿನಲ್ಲೇ ಇರಬೇಕು, ಇದು ಮುಖ್ಯ. ಆಗ ಬಣ್ಣಗಳು ಮೇಲೆ ಕೆಳಗೆ ಹರಡುತ್ತವೆ. 20 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ, ನಕ್ಷತ್ರ ಅಡ್ಡಕ್ಕೆ ಸರಿದು ಆ ಬಣ್ಣಗಳ ಸಪೂರ ಎಳೆಯನ್ನು ಅಗಲವಾದ ಪಟ್ಟಿ ಮಾಡುತ್ತದೆ. ನಕ್ಷತ್ರವನ್ನು ಹಿಂಬಾಲಿಸುವ ದುಬಾರಿ ಮೌಂಟ್ ಬೇಕಾಗುವುದಿಲ್ಲ.

ಪ್ರತಿ ಧಾತುವಿನ ಗೆರೆಗಳೂ ಈ ಪಟ್ಟಿಯಲ್ಲಿ ತಮ್ಮದೇ ಜಾಗದಲ್ಲಿ ಬರುತ್ತವೆ. ಮೊದಲು ಲುಬ್ಧಕದ (ಸಿರಿಯಸ್) ಚಿತ್ರ ತೆಗೆಯಿರಿ. ಅದರ ಪಟ್ಟಿಯಲ್ಲಿ ಜಲಜನಕದ ಕಪ್ಪು ಗೆರೆಗಳು ಬೆಳಕಿನ ಅಲೆಯುದ್ದ (ತರಂಗಾಂತರ) 434 ಮತ್ತು 486 ನ್ಯಾನೋಮೀಟರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಒಂದು ಪಿಕ್ಸೆಲ್‌ಗೆ ಎಷ್ಟು ನ್ಯಾನೋಮೀಟರ್ ಅನ್ನುವ ಲೆಕ್ಕ ಅಲ್ಲೇ ಸಿಗುತ್ತದೆ. ಆಮೇಲೆ ಏನೂ ಬದಲಿಸದೆ ಗಾಮಾ ವೆಲೋರಮ್ ಕಡೆ ತಿರುಗಿಸಿ.

ಅದರ ಪಟ್ಟಿ ಲುಬ್ಧಕದ ಥರ ಇಲ್ಲವೇ ಇಲ್ಲ. ಕಪ್ಪು ಗೆರೆಗಳ ಬದಲು ಹೊಳೆಯುವ ದಪ್ಪ ಗೆರೆಗಳು! ನೀಲಿಯಲ್ಲಿ 465ರ ಹತ್ತಿರ ಒಂದು, ಹಳದಿ ಕಡೆ 570 ಮತ್ತು 581ರ ಹತ್ತಿರ ಇನ್ನೆರಡು. ಮೂರೂ ಮುಖ್ಯವಾಗಿ ಇಂಗಾಲದ್ದೇ. ಕಣದಲ್ಲಿ ನಿಂತೇ ಕ್ಯಾಮೆರಾದ ಪುಟ್ಟ ಪರದೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಇಂಥ ನಕ್ಷತ್ರಗಳನ್ನು 1867ರಲ್ಲಿ ಪ್ಯಾರಿಸ್‌ನಲ್ಲಿ ವೋಲ್ಫ್ ಮತ್ತು ರಾಯೆ ಮೊದಲು ಗುರುತಿಸಿದರು.

ಗಾಮಾ ವೆಲೋರಮ್ ಒಂದು ಜೋಡಿ ನಕ್ಷತ್ರ. ಅದರಲ್ಲೊಂದು ತನ್ನ ಹೊರಗಿನ ಜಲಜನಕದ ಪದರ ಕಳೆದುಕೊಂಡಿದೆ. ಒಳಗೆ ಮೂರು ಹೀಲಿಯಂ ಪರಮಾಣು ಬೀಜಗಳು ಸೇರಿ ಆದ ಇಂಗಾಲ ಈಗ ಮೇಲೆ ಬಂದಿದೆ. ಅದು ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಹೊರಗೆ ಬೀಸುತ್ತಿದೆ. ಆ ವೇಗದಿಂದಲೇ ಗೆರೆಗಳು ದಪ್ಪ. ಹೀಗೆ ಹೋದದ್ದು ಅನಿಲದ ಮೋಡಗಳಲ್ಲಿ ಬೆರೆತು ಮುಂದಿನ ತಲೆಮಾರಿನ ನಕ್ಷತ್ರಗಳಿಗೆ ಸೇರುತ್ತದೆ. ಮಹಾಸ್ಫೋಟ ಕೊಟ್ಟಿದ್ದು ಜಲಜನಕ, ಹೀಲಿಯಂ, ಚೂರು ಲಿಥಿಯಂ ಅಷ್ಟೇ.

ಎಲ್ಲ ಧಾತುಗಳೂ ಒಂದೇ ಕಾಲಕ್ಕೆ ಬರುವುದಿಲ್ಲ. ಭಾರಿ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ಸಿಡಿದು ಆಮ್ಲಜನಕ ಚೆಲ್ಲುತ್ತವೆ. ಕಬ್ಬಿಣದ ದೊಡ್ಡ ಪಾಲು ಶ್ವೇತಕುಬ್ಜಗಳ (ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ಪುಟ್ಟ, ದಟ್ಟ ತಿರುಳು) ಸ್ಫೋಟದಿಂದ ತಡವಾಗಿ ಬರುತ್ತದೆ. ಹಾಗಾಗಿ ನಮ್ಮ ಗ್ಯಾಲಕ್ಸಿಯ ತೀರಾ ಹಳೆಯ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಆಮ್ಲಜನಕ ಜಾಸ್ತಿ. ಅದನ್ನು ಅಳೆಯಲು ನನ್ನ ಗ್ರೇಟಿಂಗ್ ಸಾಲದು, ದೊಡ್ಡ ವೀಕ್ಷಣಾಲಯವೇ ಬೇಕು.

ಮಾರ್ಚ್ ಬಂದರೆ ಕಾಫಿ ಹೂ ಅರಳಿಸುವ ಹೂಮಳೆಯ ಮೋಡ ಶುರು. ಫೆಬ್ರವರಿಯಲ್ಲೇ ಮುಗಿಸಿಕೊಳ್ಳಿ. ಅದೇ ರಾತ್ರಿ ಆರ್ದ್ರಾ ನಕ್ಷತ್ರದ್ದೂ ಒಂದು ತೆಗೆಯಿರಿ. ಟೈಟಾನಿಯಂ ಆಕ್ಸೈಡಿನ ಕಪ್ಪು ಪಟ್ಟೆಗಳು ಈ ಗ್ರೇಟಿಂಗಿನಲ್ಲೂ ಚೆನ್ನಾಗಿ ಬರುತ್ತವೆ.