ನೀರಿನಲ್ಲಿ ನಿಂತ ಕಾರು: ಎಂಜಿನ್‌ಗೆ ವಿಮೆ ಪರಿಹಾರ ಪಡೆಯುವುದು ಹೇಗೆ?

ಅರ್ಧ ತಾಸು ಜೋರು ಮಳೆ ಹೊಡೆದರೆ ಸಾಕು, ಹುಬ್ಬಳ್ಳಿಯ ರೈಲ್ವೆ ಕೆಳಸೇತುವೆಗಳಲ್ಲಿ, ಉಣಕಲ್ ನಾಲಾ ಬದಿಯ ಓಣಿಗಳಲ್ಲಿ, ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಲ್ಲುತ್ತದೆ. ನವಲಗುಂದದ ಕಡೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದರೆ ಎರೆ ಹೊಲದ ರಾಡಿ ನೀರು ರಸ್ತೆಗೇ ನುಗ್ಗುತ್ತದೆ. ಇಂಥ ನೀರಿನ ನಡುವೆ ಕಾರು ಬಂದ್ ಬಿದ್ದಾಗ ನಮ್ಮಲ್ಲಿ ಬಹಳಷ್ಟು ಜನ ಮೊದಲು ಮಾಡುವ ಕೆಲಸವೆಂದರೆ ಮತ್ತೊಮ್ಮೆ ಕೀಲಿ ತಿರುಗಿಸುವುದು. ಮುಂದೆ ವಿಮೆ ಕಂಪನಿ ಹಣ ಕೊಡುತ್ತದೋ ಇಲ್ಲವೋ ಎಂಬುದು ಬಹುಪಾಲು ಆ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ.

ಕಾರಣ ಸರಳವಾಗಿದೆ. ಎಂಜಿನ್‌ನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಏರ್ ಫಿಲ್ಟರ್ ದಾಟಿ ಒಳಸೇರಿದ ನೀರಿನ ಮೇಲೆ ಪಿಸ್ಟನ್ ಬಡಿದರೆ ಅದನ್ನು ಹೊತ್ತ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಒಮ್ಮೊಮ್ಮೆ ಮುರಿದು ಬ್ಲಾಕನ್ನೇ ಒಡೆಯುತ್ತದೆ. ಇದಕ್ಕೆ ಹೈಡ್ರೋಸ್ಟ್ಯಾಟಿಕ್ ಲಾಕ್ ಎಂದು ಹೆಸರು. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ‘ಎಂಜಿನ್ ನೀರ್ ಕುಡದೈತ್ರಿ’. ಕಳೆದ ಮುಂಗಾರಿನಲ್ಲಿ ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಇಂಥ ಕಾರಿನ ಪಕ್ಕ ನಿಂತು ನೋಡಿದ್ದೇನೆ: ಮೆಕ್ಯಾನಿಕ್ ಹೊರತೆಗೆದ ಫಿಲ್ಟರ್ ನೆನೆದ ಪತ್ರಿಕೆಯ ಕಟ್ಟಿನಂತೆ ಜೋತುಬಿದ್ದಿತ್ತು, ಡಿಪ್‌ಸ್ಟಿಕ್ಕಿಗೆ ಹತ್ತಿದ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು, ನಾಲ್ಕು ರಾಡುಗಳಲ್ಲಿ ಒಂದು ಕಣ್ಣಿಗೆ ಕಾಣುವಷ್ಟು ಸೊಟ್ಟಗಾಗಿತ್ತು.

ಕ್ಲೇಮಿಗೆ ಕೈಹಾಕುವ ಮೊದಲು ನಿಮ್ಮ ಪಾಲಿಸಿ ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ನಿಮ್ಮ ಕಾರಿನ ಹಾನಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ನೆರೆ, ಬಿರುಗಾಳಿ, ಜಲಾವೃತಗಳಿಂದಾದ ಹಾನಿ ಸೇರಿರುತ್ತದೆ. ಆದರೆ ಅದೇ ಪಾಲಿಸಿಯು ‘ಪರಿಣಾಮವಾಗಿ ಉಂಟಾದ ನಷ್ಟ’ವನ್ನೂ ಯಾಂತ್ರಿಕ, ವಿದ್ಯುತ್ ವೈಫಲ್ಯಗಳನ್ನೂ ಹೊರಗಿಡುತ್ತದೆ. ಕಂಪನಿಗಳ ವಾದ ನಿಂತಿರುವುದು ಇಲ್ಲಿಯೇ: ಸೀಟು, ಕಾರ್ಪೆಟ್, ವೈರಿಂಗ್ ನೆನೆದದ್ದು ನೆರೆಯಿಂದ, ರಾಡ್ ಬಾಗಿದ್ದು ನೀರಿನಲ್ಲಿ ನೀವು ಎಂಜಿನ್ ಚಾಲೂ ಮಾಡಿದ್ದರಿಂದ. ಈ ಕಂದಕವನ್ನು ತುಂಬುವುದಕ್ಕಾಗಿಯೇ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಮಾರುತ್ತಾರೆ. ಪಾಲಿಸಿಯ ಪುಟಗಳಲ್ಲಿ ‘ಆ್ಯಡ್-ಆನ್’ ಎಂಬ ತಲೆಬರಹದ ಕೆಳಗೆ ಅದರ ಹೆಸರಿದೆಯೇ ಎಂದು ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳುವುದು ಒಳಿತು. ಕಾರಿಗೆ ವಯಸ್ಸಾದಂತೆ ಅನೇಕ ಕಂಪನಿಗಳು ಇದನ್ನು ಕೊಡುವುದಿಲ್ಲ. ಕೊಟ್ಟರೂ, ನೀರಿನಿಂದ ಕೂಡಲೇ ಹೊರತೆಗೆಯದೆ ಬಿಟ್ಟ ವಾಹನಕ್ಕೆ ಅನ್ವಯಿಸದು ಎಂಬಂಥ ಷರತ್ತುಗಳಿರುತ್ತವೆ.

ನೀರಿನಲ್ಲಿ ನಿಂತಾಗ

ಎಂಜಿನ್ ತಾನಾಗಿ ನಿಂತಿದ್ದರೆ ಹಾಗೆಯೇ ಬಿಡಿ. ಕೀಲಿಯನ್ನೂ ಸ್ಟಾರ್ಟ್ ಬಟನ್ನನ್ನೂ ಮುಟ್ಟಬೇಡಿ, ತಳ್ಳಿ ಚಾಲೂ ಮಾಡಲು ಬರುವ ಉತ್ಸಾಹಿಗಳನ್ನೂ ತಡೆಯಿರಿ. ಜನ ಸುರಕ್ಷಿತವಾಗಿ ಕೆಳಗಿಳಿದ ಮೇಲೆ, ಸಾಧ್ಯವಾದರೆ, ಬಾಗಿಲಿನ ಮೇಲೆ ನೀರು ಮುಟ್ಟಿದ ಮಟ್ಟ, ನಂಬರ್ ಪ್ಲೇಟ್ ಮತ್ತು ಸುತ್ತಲಿನ ಗುರುತು ಸಿಗುವ ಒಂದು ಅಂಗಡಿ ಅಥವಾ ಸೇತುವೆ ಒಟ್ಟಿಗೆ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ನೀರಿಳಿದ ಮೇಲೆ ಬಾಗಿಲಿನ ಒಳಮೈಯಲ್ಲಿ, ಸೀಟಿನ ಬುಡದಲ್ಲಿ ಉಳಿದ ಕೆಸರಿನ ಗೆರೆಯದೂ ಒಂದು ಚಿತ್ರವಿರಲಿ. ಮನೆಯ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರು ರಾತ್ರೋರಾತ್ರಿ ಮುಳುಗಿದ್ದರೆ ನಿಮ್ಮ ಪಕ್ಷ ಗಟ್ಟಿಯಾಗಿರುತ್ತದೆ, ಏಕೆಂದರೆ ಚಾಲೂ ಇಲ್ಲದ ಎಂಜಿನ್ ತಾನಾಗಿ ರಾಡ್ ಬಗ್ಗಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ‘ನೋಡೋಣ’ ಎಂದು ಸೆಲ್ಫ್ ಹೊಡೆದು ಆ ಗಟ್ಟಿತನವನ್ನು ಕಳೆದುಕೊಳ್ಳಬಾರದು, ಅಷ್ಟೇ.

ನಂತರ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಪಾಲಿಸಿಯ ಷರತ್ತಿನಲ್ಲಿ ಇದು ಸ್ಪಷ್ಟವಾಗಿದೆ: ದುರಸ್ತಿಗೆ ಮುನ್ನ ವಾಹನ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕನ ತಲೆಯ ಮೇಲೆಯೇ ಬರುತ್ತದೆ. ಹತ್ತಿರದ ಗ್ಯಾರೇಜಿಗೆ ಸಾಗಿಸುವ ವೆಚ್ಚಕ್ಕೆ ಮೂಲ ಪಾಲಿಸಿಯಲ್ಲಿರುವ ಮಿತಿ ₹1,500. ರೋಣದಿಂದಲೋ ಹಾನಗಲ್ಲಿನಿಂದಲೋ ಹುಬ್ಬಳ್ಳಿಗೆ ತರುವ ಬಾಡಿಗೆಗೆ ಅದು ಸಾಲದು. ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದವರು ಮೊದಲು ಆ ಸಂಖ್ಯೆಗೆ ಕರೆ ಮಾಡುವುದು ಲೇಸು.

ಸರ್ವೇಯರ್ ಬರುವವರೆಗೆ

ವಿಮೆ ಕಂಪನಿಗೆ ಅದೇ ದಿನ ಕರೆ ಮಾಡಿ ಅಥವಾ ಆ್ಯಪ್ ಮೂಲಕ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ. ಆ ಸಂಭಾಷಣೆ ದಾಖಲಾಗುತ್ತದೆ. ‘ನೀರಿನಲ್ಲಿ ನಿಂತಿತ್ತು, ಎರಡು ಮೂರು ಸಲ ಸ್ಟಾರ್ಟ್ ಮಾಡಿದೆ, ಆಗಲಿಲ್ಲ’ ಎಂದು ಮಾತಿನ ಓಘದಲ್ಲಿ ಆಡಿದ ಒಂದು ವಾಕ್ಯವೇ ಮುಂದೆ ತಿರಸ್ಕಾರ ಪತ್ರದಲ್ಲಿ ಎದುರಾಗಬಹುದು. ಸುಳ್ಳು ಹೇಳಿ ಎಂದು ನಾನು ಹೇಳುತ್ತಿಲ್ಲ. ಸುಳ್ಳು ಹೇಳಿಕೆಯಿಂದ ಇಡೀ ಕ್ಲೇಮೇ ಬಿದ್ದುಹೋಗುತ್ತದೆ. ನಡೆದದ್ದನ್ನು ಸ್ಥಳ, ಸಮಯ, ನೀರಿನ ಮಟ್ಟ ಸಹಿತ ಒಮ್ಮೆ ಬರೆದುಕೊಂಡು, ಫೋನಿನಲ್ಲಿಯೂ ಕ್ಲೇಮ್ ಅರ್ಜಿಯಲ್ಲಿಯೂ ಅದನ್ನೇ ಹೇಳಿ. ಗ್ಯಾರೇಜಿನವರು ತುಂಬಿಕೊಟ್ಟ ಅರ್ಜಿಗೆ ಓದದೆ ಸಹಿ ಹಾಕುವ ರೂಢಿ ನಮ್ಮಲ್ಲಿ ಬಹಳ, ಅದನ್ನು ಬಿಡಬೇಕು. ಅರ್ಜಿಯ ಜೊತೆಗೆ ಆರ್‌ಸಿ, ಚಾಲಕನ ಲೈಸೆನ್ಸ್, ಪಾಲಿಸಿ ಪ್ರತಿ, ಗ್ಯಾರೇಜಿನ ಅಂದಾಜು ಪಟ್ಟಿ ಬೇಕು.

₹50,000 ಅಥವಾ ಅದಕ್ಕೂ ಹೆಚ್ಚಿನ ಮೋಟಾರು ನಷ್ಟವನ್ನು ಪರವಾನಗಿ ಪಡೆದ ಸರ್ವೇಯರ್ ಅಳೆಯಬೇಕೆಂಬುದು ನಿಯಮ, ಮತ್ತು ಎಂಜಿನ್ ಬಿಚ್ಚಿದ ಕೆಲಸ ಹೆಚ್ಚಾಗಿ ಆ ಮೊತ್ತ ದಾಟುತ್ತದೆ. ಅವರು ಬಂದು ನೋಡುವವರೆಗೆ ಹೆಡ್ ಬಿಚ್ಚಿಸಬೇಡಿ, ಆಯಿಲ್ ಚೆಲ್ಲಿಸಬೇಡಿ, ಫಿಲ್ಟರ್ ಎಸೆಯಲು ಬಿಡಬೇಡಿ. ಎಂಜಿನ್ ಬಿಚ್ಚುವುದು ಅವರ ಸಮ್ಮುಖದಲ್ಲೇ ಆಗಲಿ. ಬಾಗಿದ ರಾಡ್ ಹಾನಿಯ ಸಾಕ್ಷಿ. ಬಿಲ್ ಇತ್ಯರ್ಥವಾಗುವವರೆಗೆ ಅದು ಗ್ಯಾರೇಜಿನಲ್ಲೇ ಇರಬೇಕು. ವರದಿಯ ಪ್ರತಿಯನ್ನು ನೀವು ಕೇಳಿ ಪಡೆಯಬಹುದು, ಕೇಳುವವರು ಮಾತ್ರ ಕಡಿಮೆ.

ಕೈಗೆ ಎಷ್ಟು ಬರುತ್ತದೆ?

ಕ್ಲೇಮ್ ಮಂಜೂರಾಯಿತು ಎಂದ ಮಾತ್ರಕ್ಕೆ ಇಡೀ ಬಿಲ್ ಪಾವತಿಯಾಗುವುದಿಲ್ಲ. ಸವಕಳಿ ಎಂದು ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೂ ಬ್ಯಾಟರಿಗೂ ಅರ್ಧ ಬೆಲೆ ಕಡಿತವಾಗುತ್ತದೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಕಡಿತ: ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 25, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 35, ಐದರಿಂದ ಹತ್ತರವರೆಗೆ ಶೇ 40. ನಾಲ್ಕೂವರೆ ವರ್ಷದ ಸಣ್ಣ ಕಾರೊಂದರ ಬಿಲ್ಲನ್ನು ಊಹಿಸಿಕೊಳ್ಳಿ. ತೆರಿಗೆ ಬದಿಗಿಟ್ಟರೆ ಲೋಹದ ಭಾಗಗಳಿಗೆ ₹80,000, ರಬ್ಬರ್ ಮತ್ತು ಪ್ಲಾಸ್ಟಿಕ್ಕಿಗೆ ₹20,000, ಕೂಲಿ ₹30,000, ಒಟ್ಟು ₹1,30,000. ಲೋಹದಲ್ಲಿ ₹28,000, ಉಳಿದ ಭಾಗಗಳಲ್ಲಿ ₹10,000 ಕಳೆದರೆ ₹92,000 ಉಳಿಯುತ್ತದೆ. 1,500 ಸಿಸಿವರೆಗಿನ ಕಾರಿಗೆ ಮಾಲೀಕ ಭರಿಸಲೇಬೇಕಾದ ₹1,000 (ಅದಕ್ಕೂ ದೊಡ್ಡ ಎಂಜಿನ್ನಿಗೆ ₹2,000) ಹೋದರೆ ಕಂಪನಿಯಿಂದ ಬರುವುದು ₹91,000, ನಿಮ್ಮ ಜೇಬಿನಿಂದ ₹39,000. ಸವಕಳಿ ಕಡಿತವಿಲ್ಲದ ಝೀರೋ ಡೆಪ್ರಿಸಿಯೇಷನ್ ಎಂಬ ಇನ್ನೊಂದು ಆ್ಯಡ್-ಆನ್ ತೆಗೆದುಕೊಂಡಿದ್ದರೆ ಆ ₹38,000 ನಿಮಗೆ ಉಳಿಯುತ್ತಿತ್ತು. ಆದರೆ ಎಂಜಿನ್ ಪ್ರೊಟೆಕ್ಟ್ ಇಲ್ಲದೆ ಬರೀ ಝೀರೋ ಡೆಪ್ರಿಸಿಯೇಷನ್ ಬಾಗಿದ ರಾಡಿಗೆ ದುಡ್ಡು ಕೊಡಿಸದು. ಮಾರಾಟಗಾರರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುತ್ತಾರೆ. ದುರಸ್ತಿ ವೆಚ್ಚ ಕಾರಿನ ಘೋಷಿತ ಮೌಲ್ಯದ, ಅಂದರೆ ಐಡಿವಿಯ, ಶೇ 75 ದಾಟಿದರೆ ದುರಸ್ತಿಯ ಮಾತು ಬಿಟ್ಟು ಪೂರ್ಣ ನಷ್ಟವೆಂದು ಲೆಕ್ಕ ಹಾಕುತ್ತಾರೆ.

ನೀರು ಎಂಜಿನ್ ಮುಟ್ಟದೆ ಬರೀ ಕಾರ್ಪೆಟ್ ನೆನೆದು, ತೊಳೆದು ಒಣಗಿಸುವಷ್ಟೇ ಖರ್ಚಿದ್ದರೆ ಕ್ಲೇಮ್ ಮಾಡದಿರುವುದೇ ಜಾಣತನವಾಗಬಹುದು. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ ಸಿಗುತ್ತಿರುತ್ತದೆ, ಒಂದು ಸಣ್ಣ ಕ್ಲೇಮಿನಿಂದ ಅದು ಸೊನ್ನೆಗೆ ಇಳಿಯುತ್ತದೆ.

ತಿರಸ್ಕರಿಸಿದರೆ

ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಪಾಲಿಸಿಯ ಯಾವ ಷರತ್ತಿನ ಮೇಲೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ತಾಣದಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಕರ್ನಾಟಕಕ್ಕಾಗಿ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿಗೆ) ಒಂದು ವರ್ಷದೊಳಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಇನ್ನೊಂದು ದಾರಿ ಗ್ರಾಹಕರ ಆಯೋಗ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಅದು ಇದೆ, ಕಾರಣ ಉಂಟಾದ ಎರಡು ವರ್ಷದೊಳಗೆ ಹೋಗಬೇಕು.

ಓಡುತ್ತಿದ್ದ ಕಾರು ನೀರಿಗೆ ಸಿಕ್ಕಿ ತಾನಾಗಿ ನಿಂತಿತು, ಮತ್ತೆ ಚಾಲೂ ಮಾಡಿಲ್ಲ ಎಂಬ ಪ್ರಕರಣಗಳಲ್ಲಿ ಆಯೋಗಗಳ ತೀರ್ಪು ಎರಡೂ ಕಡೆ ಬಂದಿವೆ. ಆದ್ದರಿಂದ ಕಡತದಲ್ಲಿರುವ ಕಾಗದಗಳೇ ಅಲ್ಲಿ ಮಾತಾಡುತ್ತವೆ: ಮೊದಲ ದಿನದ ಚಿತ್ರಗಳು, ಟೋಯಿಂಗ್ ರಸೀದಿ, ಸರ್ವೇಯರ್ ವರದಿ, ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಬರೆದುಕೊಟ್ಟ ಪತ್ರ ಮತ್ತು ಆ ಹೊತ್ತಿನಲ್ಲಿ ನಿಮ್ಮ ಹೋಬಳಿಯಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತೆಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಲ್ಲಿ ದಾಖಲಾದ ಅಂಕಿ.