ಗೋಧಿಯಿಲ್ಲದ ಬ್ರೆಡ್: ಮೊದಲ ಸಲ ಮಾಡುವವರಿಗೆ

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಎಳೆದಷ್ಟೂ ಹಿಗ್ಗುವ ಅಂಟು ಹುಟ್ಟುತ್ತದೆ. ಅದೇ ಗ್ಲುಟೆನ್. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಟ್ಟು ಬ್ರೆಡ್ ಉಬ್ಬುವಂತೆ ಮಾಡುವುದು ಅದು. ಅಕ್ಕಿ, ಜೋಳ, ರಾಗಿಯಲ್ಲಿ ಅದಿಲ್ಲ. ಜೋಳದ ರೊಟ್ಟಿಗೆ ಕುದಿಯುವ ಎಸರು ಬೇಕಾಗುವುದೂ ಅದಕ್ಕೇ. ರೊಟ್ಟಿಗೆ ಎಸರಿನ ಜಿಗುಟು ಸಾಕು, ಬ್ರೆಡ್ಡಿಗೆ ಸಾಲದು. ಇಲ್ಲಿ ಆ ಕೆಲಸ ಇಸಬ್ಗೋಲ್ ಹೊಟ್ಟಿನದು, ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆ ಕೊಡುವ ಅದೇ ಹೊಟ್ಟು. ಸಕ್ಕರೆ, ಕಿತ್ತಳೆ ಫ್ಲೇವರ್ ಸೇರಿಸಿರದ ಸಾದಾ ಹೊಟ್ಟನ್ನೇ ಕೇಳಿ ತನ್ನಿ.

ಸೀಲಿಯಾಕ್ (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿಗಾಗಿ ಮಾಡುತ್ತಿದ್ದರೆ ಹಿಟ್ಟಿನ ಬಗ್ಗೆ ತುಂಬ ಎಚ್ಚರ ಬೇಕು. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿಸಿದರೆ ಹಿಟ್ಟಿನಲ್ಲಿ ಗೋಧಿ ಸೇರಿಯೇ ಸೇರುತ್ತದೆ. ನಮ್ಮ ದೇಶದ ನಿಯಮದ ಪ್ರಕಾರ ಗ್ಲುಟೆನ್‌ಮುಕ್ತ ಎಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಒಂದು ಕಿಲೋ ಹಿಟ್ಟಿಗೆ ಒಂದೇ ಚಮಚ ಗೋಧಿ ಹಿಟ್ಟು ಬೆರೆತರೂ ಆ ಮಿತಿ ಎಷ್ಟೋ ಪಟ್ಟು ಮೀರುತ್ತದೆ. ಹಾಗಾಗಿ ಲೇಬಲ್ ಇರುವ ಪ್ಯಾಕೆಟ್ ಹಿಟ್ಟನ್ನೇ ಕೊಳ್ಳಿ, ಇಲ್ಲವೇ ಕಾಳು ಆರಿಸಿ, ತೊಳೆದು ಒಣಗಿಸಿ, ಗೋಧಿ ಮುಟ್ಟದ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಿ. ಜರಡಿಯಂತೂ ಬೇರೆಯದೇ ಇರಲಿ. ಅದರ ಕಣ್ಣಲ್ಲಿ ಕೂತ ಹಳೆಯ ಹಿಟ್ಟು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮರದ ಮಣೆ, ಟೋಸ್ಟರ್ ಕೂಡ ಹಾಗೆಯೇ. ಇನ್ನೊಂದು ಮಾತು: ಸೀಲಿಯಾಕ್ ಇರಬಹುದೆಂಬ ಅನುಮಾನ ಮಾತ್ರ ಇದ್ದರೆ, ರಕ್ತಪರೀಕ್ಷೆ ಆಗುವ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು.

8 ಇಂಚು ಉದ್ದ, 4 ಇಂಚು ಅಗಲದ ಒಂದು ಟಿನ್ನಿಗೆ ಇಷ್ಟು ಬೇಕು: ನಯವಾದ ಅಕ್ಕಿ ಹಿಟ್ಟು 150 ಗ್ರಾಂ, ಬಿಳಿಜೋಳದ ಹಿಟ್ಟು 100 ಗ್ರಾಂ, ಕಾರ್ನ್‌ಫ್ಲೋರ್ 100 ಗ್ರಾಂ (ಗೋಬಿ ಮಂಚೂರಿಗೆ ಹಾಕುವ ಬಿಳಿಯದು), ಇಸಬ್ಗೋಲ್ 20 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 6 ಗ್ರಾಂ, ಸಕ್ಕರೆ 20 ಗ್ರಾಂ, ಉಪ್ಪು 7 ಗ್ರಾಂ, ಎಣ್ಣೆ 30 ಗ್ರಾಂ, ವಿನೆಗರ್ 2 ಟೀಚಮಚ, ನೀರು 400 ಮಿಲಿ. ಎಲ್ಲವನ್ನೂ ತೂಕ ಮಾಡಿ. ಲೋಟದ ಅಳತೆಯಲ್ಲಿ ಹಿಟ್ಟು ಸುಲಭವಾಗಿ 20–30 ಗ್ರಾಂ ಆಚೀಚೆ ಆಗುತ್ತದೆ, ಬ್ರೆಡ್ ಕೆಡಲು ಅಷ್ಟು ಸಾಕು. ರಾಗಿ ಬೇಕೆನಿಸಿದರೆ ಜೋಳದಲ್ಲಿ ಅರ್ಧ ಮಾತ್ರ ಬದಲಿಸಿ. ಹೆಚ್ಚಾದರೆ ಬ್ರೆಡ್ ಭಾರವಾಗುತ್ತದೆ.

ಮೊದಲು 250 ಮಿಲಿ ನೀರಿಗೆ ಇಸಬ್ಗೋಲ್ ಉದುರಿಸುತ್ತಾ ಕಲಕಿ. ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ. ಒಂದೆರಡು ನಿಮಿಷ ಅದು ನೀರಾಗಿಯೇ ಇರುತ್ತದೆ, ಐದಾರು ನಿಮಿಷಕ್ಕೆ ಲೋಳೆಸರದ ತಿರುಳಿನಂತಾಗಿ, ಚಮಚ ಎತ್ತಿದರೆ ಇಡೀ ಮುದ್ದೆಯೇ ಎದ್ದು ಬರುತ್ತದೆ. ಅಲ್ಲಿಯತನಕ ಕಾಯಿರಿ. ಉಳಿದ 150 ಮಿಲಿ ನೀರನ್ನು ಉಗುರುಬೆಚ್ಚಗೆ ಮಾಡಿ, ಸಕ್ಕರೆ, ಯೀಸ್ಟ್ ಹಾಕಿ 10 ನಿಮಿಷ ಬಿಡಿ. ನೊರೆ ಬರದಿದ್ದರೆ ಯೀಸ್ಟ್ ಸತ್ತಿದೆ, ಹಿಟ್ಟು ದಂಡ ಮಾಡಬೇಡಿ.

ಹಿಟ್ಟುಗಳಿಗೆ ಉಪ್ಪು ಬೆರೆಸಿ, ಲೋಳೆ, ಯೀಸ್ಟ್ ನೀರು, ಎಣ್ಣೆ, ವಿನೆಗರ್ ಸೇರಿಸಿ ಕೈಯಲ್ಲೇ ಐದು ನಿಮಿಷ ಹಿಸುಕಿ ಹಿಸುಕಿ ಕಲಸಿ. ಬಿಳಿ ಲೋಳೆಯ ತುಣುಕು ಎಲ್ಲೂ ಕಾಣಬಾರದು. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಉದ್ದಿನ ವಡೆ ಹಿಟ್ಟಿಗಿಂತ ಗಟ್ಟಿ, ಇದೇ ಹದ. ಕೈಗೆ ಅಂಟುತ್ತದೆಂದು ಮತ್ತೆ ಹಿಟ್ಟು ಸೇರಿಸುವುದೇ ಮೊದಲ ಸಲದವರು ಮಾಡುವ ದೊಡ್ಡ ತಪ್ಪು. ಆ ಬ್ರೆಡ್ ಇಟ್ಟಿಗೆಯಾಗುತ್ತದೆ. ಅಂಟಿದರೆ ಕೈ ಒದ್ದೆ ಮಾಡಿಕೊಳ್ಳಿ, ಅಷ್ಟೆ.

ಎಣ್ಣೆ ಸವರಿದ ಟಿನ್ನಿಗೆ ಒತ್ತಿ ತುಂಬಿ, ಒದ್ದೆ ಬೆರಳಲ್ಲಿ ಮೇಲ್ಭಾಗ ನಯ ಮಾಡಿ, ಮುಚ್ಚಿಡಿ. ಇದಕ್ಕೆ ಒಂದೇ ಉಬ್ಬು. ಮೈದಾ ಬ್ರೆಡ್ಡಿನ ಹಾಗೆ ಗುದ್ದಿ ಇಳಿಸಿ ಎರಡನೇ ಸಲ ಉಬ್ಬಿಸುವಂತಿಲ್ಲ. ಸಾಮಾನ್ಯ ಸೆಕೆಗೆ 45 ನಿಮಿಷದಿಂದ ಒಂದು ಗಂಟೆ, ಏಪ್ರಿಲ್ ಬಿಸಿಲಲ್ಲಿ ಇನ್ನೂ ಬೇಗ. ಗಡಿಯಾರಕ್ಕಿಂತ ಟಿನ್ ನೋಡಿ: ಹಿಟ್ಟು ಅಂಚಿಗೆ ಒಂದು ಸೆಂಟಿಮೀಟರ್ ಕೆಳಗೆ ಬಂದಾಗ ಓವನ್‌ಗೆ ಹೋಗಬೇಕು. ಮೇಲೆ ಸೂಜಿ ಚುಚ್ಚಿದಂತೆ ತೂತು ಕಾಣಿಸಿದರೆ ಆಗಲೇ ತಡವಾಗಿದೆ. ಬೇಯುವಾಗ ನಡು ಕುಸಿಯುತ್ತದೆ.

ಓಟಿಜಿಯ (ಮನೆಯಲ್ಲಿ ಬಳಸುವ ಚಿಕ್ಕ ಕರೆಂಟ್ ಓವನ್) ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ, ಹಿಟ್ಟು ಉಬ್ಬುತ್ತಿರುವಾಗಲೇ 220 ಡಿಗ್ರಿಗೆ ಕಾಯಿಸಿಡಿ. ಮೈಕ್ರೋವೇವ್ ಆದರೆ ಕನ್ವೆಕ್ಷನ್ ಮೋಡ್ ಇರಲೇಬೇಕು. ಮೊದಲ 10 ನಿಮಿಷದ ನಂತರ 200ಕ್ಕೆ ಇಳಿಸಿ 50 ನಿಮಿಷ ಬೇಯಿಸಿ. ಮೇಲೆ ಕಪ್ಪಾಗತೊಡಗಿದರೆ ಫಾಯಿಲ್ ಹೊದಿಸಿ. ಟಿನ್ನಿಂದ ತೆಗೆದು ಬರಿಯ ಬ್ರೆಡ್ಡನ್ನು ಮತ್ತೆ 10 ನಿಮಿಷ ಒಳಗಿಡಿ, ತಳ ಗರಿಯಾಗುವುದು ಆಗಲೇ. ಕಡ್ಡಿ ಚುಚ್ಚಿ ನೋಡುವುದು ಕೇಕಿಗೆ ಸರಿ, ಇದಕ್ಕೆ ನಂಬಬೇಡಿ. ಥರ್ಮಾಮೀಟರ್ ಇದ್ದರೆ ನಡುವೆ 97 ಡಿಗ್ರಿ ಬರಬೇಕು. ಇಲ್ಲದಿದ್ದರೆ ತಳ ತಟ್ಟಿದಾಗ ಟೊಳ್ಳು ಸದ್ದು ಬರಬೇಕು.

ಪರಿಮಳಕ್ಕೆ ಸೋತು ಬಿಸಿಯಲ್ಲೇ ಕುಯ್ದರೆ ಒಳಗೆ ಹಸಿ ಮುದ್ದೆಯಂತೆ ಕಾಣುತ್ತದೆ, ಬೆಂದಿಲ್ಲವೆಂದು ಬೇಸರವಾಗುತ್ತದೆ. ಪಿಷ್ಟ ಗಟ್ಟಿಯಾಗಲು ಅದು ಆರಬೇಕು. ಜಾಲರಿಯ ಮೇಲೆ ಕನಿಷ್ಠ ಮೂರು ಗಂಟೆ ಬಿಡಿ. ಪೂರ್ತಿ ಆರಿದ ಮೇಲೂ ಅಂಟಂಟಾಗಿದ್ದರೆ ಮುಂದಿನ ಸಲ ನೀರು 20 ಮಿಲಿ ಕಡಿಮೆ ಮಾಡಿ, 10 ನಿಮಿಷ ಹೆಚ್ಚು ಬೇಯಿಸಿ. ಹೋಳು ನೇರಳೆ ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ, ಕೆಲವು ಇಸಬ್ಗೋಲ್ ಹಾಗೆ ಬಣ್ಣ ಬಿಡುತ್ತದೆ; ರುಚಿ ಕೆಟ್ಟಿರುವುದಿಲ್ಲ.

ಮರುದಿನಕ್ಕೇ ಇದು ಬಿರುಸಾಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಅಂದೇ ಹೋಳು ಮಾಡಿ, ನಡುನಡುವೆ ಬಟರ್ ಪೇಪರ್ ಇಟ್ಟು ಫ್ರೀಜರಿಗೆ ಹಾಕಿ. ಬೇಕಾದಾಗ ತೆಗೆದು, ಕರಗಿಸದೆ ನೇರ ತವೆಗೆ ಹಾಕಿ ತುಪ್ಪದಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿ.